ಗುರುವಿನ ದೇವರು, ಶಿಷ್ಯನ ನಿರಾಕರಣೆ: ಆಸ್ತಿಕ–ನಾಸ್ತಿಕ ವಾದದ ನೂರು ವರ್ಷ

ಸಾಂತಾಕ್ರೂಜ್ ಪೂರ್ವದಲ್ಲಿ, ರೈಲ್ವೆ ಸ್ಟೇಷನ್ನಿನ ಹತ್ತಿರವೇ, ಮುಂಬಯಿಯ ಬಿಲ್ಲವರ ಅಸೋಸಿಯೇಷನ್ನಿನ ಬಿಲ್ಲವ ಭವನವಿದೆ. ಒಳಗೆ ಕೇರಳದ ಸಂತ ಬ್ರಹ್ಮಶ್ರೀ ನಾರಾಯಣ ಗುರುಗಳ ಮಂದಿರ. ಕೆಲಸ ಹುಡುಕಿಕೊಂಡು ತುಳುನಾಡಿನಿಂದ ಬಂದವರೂ ಅವರ ಮಕ್ಕಳು ಮೊಮ್ಮಕ್ಕಳೂ ಇಲ್ಲಿ ಗುರುಜಯಂತಿ ಆಚರಿಸುತ್ತಾರೆ. ಭಕ್ತರಿಗೆ ಗುರುಗಳು ದೇವರೇ. ಅವರ ಅತ್ಯಂತ ಪ್ರೀತಿಯ ಶಿಷ್ಯರಲ್ಲಿ ಒಬ್ಬರು ದೇವರೇ ಬೇಡವೆಂದ ಕಟ್ಟಾ ನಾಸ್ತಿಕರಾಗಿದ್ದರು ಎಂಬುದು ಇಲ್ಲಿ ಕೈಮುಗಿಯುವ ಎಷ್ಟೋ ಜನರಿಗೆ ಗೊತ್ತಿರಲಿಕ್ಕಿಲ್ಲ. ನಂಬುವವರೂ ನಂಬದವರೂ ಒಬ್ಬರನ್ನೊಬ್ಬರು ಹೇಗೆ ನಡೆಸಿಕೊಂಡರು ಎಂಬ ಚರಿತ್ರೆಯನ್ನು ಈ ಇಬ್ಬರಿಂದಲೇ ಶುರುಮಾಡಬೇಕು ಎಂದು ನನಗೆ ಅನ್ನಿಸುತ್ತದೆ.

ಶಿಷ್ಯನ ಹೆಸರು ಸಹೋದರನ್ ಅಯ್ಯಪ್ಪನ್ (1889–1968). 1917ರ ಮೇ ತಿಂಗಳಲ್ಲಿ ಕೇರಳದ ಚೆರಾಯಿಯಲ್ಲಿ ಅವರು ತಮ್ಮದೇ ಜಾತಿಯ ಈಳವರನ್ನೂ ಅವರಿಗಿಂತ ಕೆಳಗಿನವರೆಂದು ಎಣಿಸಲಾಗಿದ್ದ ಪುಲಯರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಊಟ ಹಾಕಿಸಿದರು. ಸ್ವಂತ ಜಾತಿಯವರೇ ಬಹಿಷ್ಕಾರ ಹಾಕಿದರು, 'ಪುಲಯನ್ ಅಯ್ಯಪ್ಪನ್' ಎಂದು ಹಂಗಿಸಿದರು. ಗುರುಗಳು ಮಾತ್ರ ಅವರ ಬೆನ್ನಿಗೆ ನಿಂತರು. ಕ್ರಿಸ್ತನಂತೆ ತಾಳ್ಮೆಯಿಂದಿರು ಎಂದು ಗುರುಗಳು ಹೇಳಿದ್ದು ಅಯ್ಯಪ್ಪನ್ ಜೀವನಕಥೆಯಲ್ಲಿ ಮತ್ತೆ ಮತ್ತೆ ಬರುವ ಮಾತು. 1921ರಲ್ಲಿ ಗುರುಗಳು ಸಹಭೋಜನವನ್ನೂ ಅಂತರ್ಜಾತಿ ವಿವಾಹವನ್ನೂ ಬೆಂಬಲಿಸಿ ಬರಹದಲ್ಲೇ ಸಂದೇಶ ಕೊಟ್ಟರು. ಜಾತಿ, ಮತ, ದೇವರು ಮೂರೂ ಮನುಷ್ಯನಿಗೆ ಒಂದೊಂದೇ ಎಂದವರು ಗುರುಗಳು. ಆ ಮೂರೂ ಬೇಡವೆಂದು ಅವರ ಮಾತನ್ನೇ ತಿರುವಿ ಹಾಕಿದವರು ಶಿಷ್ಯ. ಗುರುಗಳು ಶಿಷ್ಯನನ್ನು ದೂರ ತಳ್ಳಲಿಲ್ಲ, ಶಿಷ್ಯನೂ ಗುರುವಿಗೆ ಕೊಡುವ ಗೌರವದಲ್ಲಿ ಕಡಿಮೆ ಮಾಡಲಿಲ್ಲ. ಅವರ ನಡುವಿನ ಭಿನ್ನಾಭಿಪ್ರಾಯ ಚಿಕ್ಕದಾಗಿರಲಿಲ್ಲ, ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಯಾರೂ ಮಾಡಲಿಲ್ಲ. ಜಾತಿಯನ್ನು ಒಡೆಯುವ ಕೆಲಸ ಇಬ್ಬರದೂ ಆಗಿತ್ತು. ದೇವರ ಪ್ರಶ್ನೆ ಇತ್ಯರ್ಥವಾಗದೆ ಉಳಿದರೂ ಆ ಕೆಲಸ ನಿಲ್ಲಲಿಲ್ಲ.

1924ರ ಶಿವರಾತ್ರಿಯ ಹೊತ್ತಿಗೆ ಆಲುವದ ಅದ್ವೈತಾಶ್ರಮದಲ್ಲಿ ಗುರುಗಳು ಸರ್ವಮತ ಸಮ್ಮೇಳನ ನಡೆಸಿದರು. ವಾದ ಮಾಡಿ ಗೆಲ್ಲಲು ಯಾರೂ ಬರಬೇಕಾಗಿಲ್ಲ, ತಿಳಿಯಲು ಮತ್ತು ತಿಳಿಸಲು ಬನ್ನಿ ಎಂಬರ್ಥದ ಫಲಕವನ್ನು ಬಾಗಿಲಲ್ಲಿ ಹಾಕಿಸಿದ್ದರು. ಇದು ಎಷ್ಟು ಹೊಸದು ಎಂದು ಅರ್ಥವಾಗಬೇಕಾದರೆ ಹಾವೇರಿ ಸೀಮೆಯ ಅಬ್ಬಲೂರನ್ನು ನೆನೆಯಬೇಕು. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಶಿವಭಕ್ತ ಏಕಾಂತದ ರಾಮಯ್ಯನಿಗೂ ಜೈನರಿಗೂ ನಡೆದ ವಾದದಲ್ಲಿ ರಾಮಯ್ಯ ತನ್ನ ತಲೆಯನ್ನೇ ಪಣವಿಟ್ಟ. ತಲೆ ಮರಳಿ ಕೂಡಿದರೆ ಜಿನನನ್ನು ತೆಗೆದು ಶಿವನನ್ನು ಸ್ಥಾಪಿಸಬೇಕು ಎಂಬುದು ಒಪ್ಪಂದ. ರಾಜ ಬಿಜ್ಜಳ ರಾಮಯ್ಯನಿಗೆ ಜಯಪತ್ರ ಕೊಟ್ಟನೆಂದು ಅಲ್ಲಿನ ಶಾಸನ ಹೇಳುತ್ತದೆ. ಸೋತವರ ದೇವಾಲಯ ಗೆದ್ದವರ ಪಾಲಾಗುವ ಈ ಪದ್ಧತಿ ನಮ್ಮಲ್ಲಿ ಹಳೆಯದು. ವೇದವನ್ನೊಪ್ಪದ ಜೈನ, ಬೌದ್ಧರನ್ನು 'ನಾಸ್ತಿಕರು' ಎಂದೇ ಕರೆದ ಪರಂಪರೆಯಲ್ಲಿ ಸೋಲಿನ ಬೆಲೆ ಯಾವಾಗಲೂ ದುಬಾರಿಯಾಗಿತ್ತು.

ಆಲುವದ ಸಮ್ಮೇಳನ ನಡೆದ ಕೆಲವೇ ವರ್ಷಗಳಲ್ಲಿ ಮುಂಬಯಿಯಲ್ಲಿ ಬೇರೆ ಬಗೆಯ ನಾಸ್ತಿಕರು ಹುಟ್ಟಿಕೊಂಡಿದ್ದರು: ವೈದ್ಯರು, ಪ್ರಾಧ್ಯಾಪಕರು, ವಕೀಲರು. 1930ರಲ್ಲಿ ಇಲ್ಲಿ ವಿಚಾರವಾದಿಗಳ ಸಂಘವೊಂದು ರೂಪುಗೊಂಡಿತು, 'ರೀಸನ್' ಎಂಬ ಪತ್ರಿಕೆ ಹೊರಟಿತು. ಧರ್ಮ ಮತ್ತು ನೀತಿಯ ಕುರಿತ ಲೇಖನಕ್ಕಾಗಿ ಅದರ ಸಂಪಾದಕ ಡಾ. ಚಾರ್ಲ್ಸ್ ಲಯೊನೆಲ್ ಡಿ'ಅವೊಯಿನ್ ಅವರ ಮೇಲೆ 1933ರಲ್ಲಿ ಮೊಕದ್ದಮೆ ಹೂಡಲಾಯಿತು, ಮರುವರ್ಷ ಖುಲಾಸೆಯಾಯಿತು. ಬಳಸಿದ್ದು ಭಾರತೀಯ ದಂಡಸಂಹಿತೆಯ 295ಎ ಕಲಂ. 1927ರಲ್ಲಿ, ಲಾಹೋರಿನ ಒಂದು ಪುಸ್ತಕದಿಂದೆದ್ದ ಗಲಭೆಯ ಬೆನ್ನಿಗೇ, ಸೇರಿಸಿದ ಕಲಂ ಅದು. ಅಲ್ಲಿಂದ ಮುಂದೆ ವಾದದಲ್ಲಿ ನೋವಾದವನಿಗೆ ಪೊಲೀಸ್ ಠಾಣೆಯ ದಾರಿ ತೆರೆದುಕೊಂಡಿತು. ಇವತ್ತಿಗೂ ಅದು ಭಾರತೀಯ ನ್ಯಾಯಸಂಹಿತೆಯ 299ನೇ ಕಲಂ ಆಗಿ ಮುಂದುವರಿದಿದೆ.

ಆಲುವದ ದಾರಿ ಪೂರ್ತಿ ಮುಚ್ಚಿರಲಿಲ್ಲ. ಆಂಧ್ರದ ನಾಸ್ತಿಕ ಗೋರಾ, ಅಂದರೆ ಗೋಪರಾಜು ರಾಮಚಂದ್ರ ರಾವ್, 1944ರ ಕೊನೆಗೆ ಸೇವಾಗ್ರಾಮಕ್ಕೆ ಹೋಗಿ ಗಾಂಧೀಜಿಯೊಡನೆ ದೇವರ ಬಗ್ಗೆ ನೇರಾನೇರ ವಾದಿಸಿದರು. ಅಸ್ಪೃಶ್ಯತೆ ಅಳಿಯಲು ನಾಸ್ತಿಕತೆಯೇ ಬೇಕೆಂಬುದು ಅವರ ಹಟ. ಗಾಂಧೀಜಿ ಒಪ್ಪಲಿಲ್ಲ, ಆದರೆ ಗೋರಾ ಅವರ ಮಗಳು ದಲಿತ ಯುವಕನನ್ನು ಆಶ್ರಮದಲ್ಲಿ ಮದುವೆಯಾಗುವುದಕ್ಕೆ ಒಪ್ಪಿದರು. ವಿಧಿಯಲ್ಲಿ 'ದೇವರ ಹೆಸರಿನಲ್ಲಿ' ಎಂಬುದರ ಬದಲು 'ಸತ್ಯದ ಹೆಸರಿನಲ್ಲಿ' ಎಂದು ಹೇಳುವುದಕ್ಕೂ ಒಪ್ಪಿದರು. ಗಾಂಧೀಜಿಯ ಹತ್ಯೆಯಾದ ಮೇಲೆ, 1948ರ ಮಾರ್ಚ್‌ನಲ್ಲಿ, ಸೇವಾಗ್ರಾಮದಲ್ಲಿ ಆ ಮದುವೆ ನಡೆಯಿತು.

ಎಪ್ಪತ್ತರ ದಶಕದ ಹೊತ್ತಿಗೆ ವಾದದ ವಸ್ತುವೇ ಬದಲಾಯಿತು. ಜಾತಿಯ ಜಾಗಕ್ಕೆ ಪವಾಡ ಬಂತು. ಶ್ರೀಲಂಕಾದ ಅಬ್ರಹಾಂ ಕೋವೂರ್ ಲಕ್ಷ ರೂಪಾಯಿಯ ಸವಾಲು ಹಾಕಿ ಊರೂರು ಸುತ್ತುತ್ತಿದ್ದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿ, ಸತ್ಯಸಾಯಿಬಾಬಾರಿಗೆ ಪತ್ರಗಳನ್ನು ಬರೆದರು. ಬಾಬಾ ಪರೀಕ್ಷೆಗೆ ಒಪ್ಪಲಿಲ್ಲ. ಮುಂಬಯಿಯ 'ಬ್ಲಿಟ್ಸ್' ಪತ್ರಿಕೆಯ ಆರ್.ಕೆ. ಕರಂಜಿಯಾರಿಗೆ ದೀರ್ಘ ಸಂದರ್ಶನ ಕೊಟ್ಟು ಸಮಿತಿಯ ರೀತಿಯನ್ನೇ ಪ್ರಶ್ನಿಸಿದರು. ಖಾದಿ ಉಟ್ಟು, ನ್ಯಾಷನಲ್ ಕಾಲೇಜಿನ ಹಾಸ್ಟೆಲಿನಲ್ಲೇ ಬದುಕು ಕಳೆದ 'ಎಚ್ಚೆನ್' ಅವರ ಸಭ್ಯತೆಯನ್ನು ವಿರೋಧಿಗಳೂ ಅನುಮಾನಿಸಲಿಲ್ಲ. ಆದರೂ ಮಾತುಕತೆ ಒಂದು ಹೆಜ್ಜೆ ಮುಂದೆ ಹೋಗಲಿಲ್ಲ. ಕಾರಣ ಸ್ಪಷ್ಟವಿದೆ. ಸಹಭೋಜನದಲ್ಲಿ ಭಕ್ತನಿಗೂ ನಾಸ್ತಿಕನಿಗೂ ಒಂದೊಂದು ಎಲೆ ಇರುತ್ತದೆ. ಪವಾಡದ ಪರೀಕ್ಷೆಯಲ್ಲಿ ಒಬ್ಬ ಪರೀಕ್ಷಕ, ಇನ್ನೊಬ್ಬ ಆರೋಪಿ.

ಈ ಬಿರುಕನ್ನು ಕನ್ನಡದಲ್ಲಿ ಅತ್ಯಂತ ಆಳವಾಗಿ ಮುಟ್ಟಿದ್ದು ಚಂದ್ರಗುತ್ತಿ. 1986ರ ಮಾರ್ಚ್‌ನಲ್ಲಿ ಸೊರಬ ತಾಲ್ಲೂಕಿನ ಈ ರೇಣುಕಾಂಬೆಯ ಕ್ಷೇತ್ರದಲ್ಲಿ ಬೆತ್ತಲೆ ಸೇವೆಯನ್ನು ತಡೆಯಲು ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರೂ ಪೊಲೀಸರೂ ಹೋದರು. ರೊಚ್ಚಿಗೆದ್ದ ಗುಂಪು ಅವರನ್ನು ಥಳಿಸಿತು, ಪೊಲೀಸರನ್ನೂ ಬಿಡದೆ ಬಟ್ಟೆ ಕಿತ್ತು ನಡೆಸಿತು. ಸರಕಾರ ಸೇವೆಯನ್ನು ನಿಷೇಧಿಸಿತು. ಆಗ ಯು.ಆರ್. ಅನಂತಮೂರ್ತಿ ಕೇಳಿದ್ದು, ಬೆತ್ತಲೆ ಪೂಜೆ ಯಾಕೆ ಕೂಡದು ಎಂದು. ಅವರು ಭಕ್ತರಾಗಿ ಕೇಳಲಿಲ್ಲ. ನಂಬಿಕೆಯ ಎದುರು ಕ್ಯಾಮೆರಾ ಹಿಡಿದು ನಿಲ್ಲುವ ವಿದ್ಯಾವಂತನ ನೋಟದಲ್ಲಿ ಅಹಂಕಾರವಿಲ್ಲವೇ, ತನ್ನಲ್ಲೇ ಆ ಅಹಂಕಾರವಿಲ್ಲವೇ ಎಂಬ ಅನುಮಾನ ಅವರದು. ಇದು ಬೇಕಾದ ಪ್ರಶ್ನೆ. ಆದರೂ ನನ್ನ ಒಲವು ಅಂದು ಪೆಟ್ಟು ತಿಂದವರ ಕಡೆಗೇ. ಬೆತ್ತಲೆಯಾಗಿ ನಡೆಯುತ್ತಿದ್ದವರಲ್ಲಿ ಹೆಚ್ಚಿನವರು ಬಡ, ಕೆಳಜಾತಿಯ ಹೆಂಗಸರು. ತಡೆಯಲು ಹೋದ ದಲಿತ ಹುಡುಗರು ಆ ಹೆಂಗಸರನ್ನು ತಮ್ಮ ಅಕ್ಕತಂಗಿಯರೆಂದೇ ನೋಡಿದ್ದರು. ಅವರ ಕೋಪವನ್ನೂ ಕ್ಯಾಮೆರಾದ ಕುತೂಹಲವನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ನಂಬಿಕೆಗೆ ಗೌರವ ಕೊಡುತ್ತೇನೆ ಎನ್ನುವವನು, ಆ ನಂಬಿಕೆಯ ಭಾರವನ್ನು ಯಾರ ಮೈ ಹೊತ್ತಿದೆ ಎಂದೂ ನೋಡಬೇಕಾಗುತ್ತದೆ.

2012ರ ಮಾರ್ಚ್‌ನಲ್ಲಿ ವಾದ ಸಾಂತಾಕ್ರೂಜ್‌ನ ನೆರೆಗೇ ಬಂತು. ಪಕ್ಕದ ವಿಲೆಪಾರ್ಲೆಯ ಇರ್ಲಾದಲ್ಲಿ ವೇಲಾಂಕಣಿ ಮಾತೆಯ ಚರ್ಚಿನ ಶಿಲುಬೆಯ ಪಾದದಿಂದ ನೀರು ತೊಟ್ಟಿಕ್ಕತೊಡಗಿತು, ಜನ ಅದನ್ನು ತೀರ್ಥವಾಗಿ ಹಿಡಿದರು. ವಿಚಾರವಾದಿ ಸನಲ್ ಎಡಮರುಕು ಬಂದು ನೋಡಿ, ಹತ್ತಿರದ ಚರಂಡಿ ಕಟ್ಟಿಕೊಂಡು ನೀರು ಗೋಡೆಯಲ್ಲಿ ಏರಿ ಬಂದಿದೆ ಎಂದು ತೋರಿಸಿದರು. ಅಷ್ಟರಲ್ಲಿ ನಿಂತಿದ್ದರೆ ಮಾತು ಕೊಳಾಯಿ ರಿಪೇರಿಗೆ ಮುಗಿಯುತ್ತಿತ್ತು. ಚರ್ಚ್ ಅಧಿಕೃತವಾಗಿ ಅದನ್ನು ಪವಾಡವೆಂದು ಸಾರಿರಲೂ ಇಲ್ಲ. ಆದರೆ ಟಿವಿ ಸ್ಟುಡಿಯೊದಲ್ಲಿ ಎಡಮರುಕು ಚರ್ಚ್ ಪವಾಡಗಳ ವ್ಯಾಪಾರ ಮಾಡುತ್ತದೆ ಎಂದರು, ಎದುರಿನವರು ಕ್ಷಮೆ ಕೇಳಬೇಕೆಂದರು. ಅದೇ 295ಎ ಅಡಿ ದೂರುಗಳು ದಾಖಲಾದವು, ಎಡಮರುಕು ಫಿನ್ಲೆಂಡಿಗೆ ಹೋದರು. ಅವರ ಮಾತು ಒರಟಾಗಿತ್ತು, ಒಪ್ಪೋಣ. ಒರಟು ಮಾತಿಗೆ ಒರಟು ಉತ್ತರ ಸಾಕಿತ್ತು. ಬಂಧನದ ಭಯದಲ್ಲಿ ಒಬ್ಬ ಮನುಷ್ಯ ದೇಶ ಬಿಡುವಂತಾದದ್ದು ಅನ್ಯಾಯ.

ಅದರ ಮುಂದಿನದು ರಕ್ತದ ಕಥೆ. 2013ರ ಆಗಸ್ಟ್ 20ರಂದು ಪುಣೆಯಲ್ಲಿ ನರೇಂದ್ರ ದಾಭೋಲ್ಕರ್, 2015ರ ಫೆಬ್ರವರಿಯಲ್ಲಿ ಕೊಲ್ಹಾಪುರದಲ್ಲಿ ಕಮ್ಯುನಿಸ್ಟ್ ನಾಯಕ ಗೋವಿಂದ ಪನ್ಸಾರೆ, ಅದೇ ವರ್ಷದ ಆಗಸ್ಟ್ 30ರಂದು ಧಾರವಾಡದ ಮನೆಬಾಗಿಲಲ್ಲಿ ಎಂ.ಎಂ. ಕಲಬುರ್ಗಿ ಹಂತಕರ ಗುಂಡಿಗೆ ಗುರಿಯಾದರು. ದಾಭೋಲ್ಕರ್ ದೇವರ ವಿರುದ್ಧ ಚಳವಳಿ ಕಟ್ಟಿದವರಲ್ಲ. ಜನರ ನಂಬಿಕೆಯನ್ನು ಹಣ ಮಾಡಿಕೊಳ್ಳುವವರ ವಿರುದ್ಧ ನಮ್ಮ ಜಗಳ ಎಂದು ಸಾರಿ ಸಾರಿ ಹೇಳಿದವರು, ವಿಠ್ಠಲಭಕ್ತರಾದ ವಾರಕರಿ ಸಂತರನ್ನು ತಮ್ಮವರೆಂದು ಕರೆದವರು. ಕಲಬುರ್ಗಿಯವರು ನಾಸ್ತಿಕರಲ್ಲ, ಬಸವಣ್ಣನ ವಚನಗಳಿಗೆ ಬದುಕನ್ನೇ ಕೊಟ್ಟ ಸಂಶೋಧಕರು. ಗುಂಡು ಹಾರಿಸಿದವರಿಗೆ ಈ ವ್ಯತ್ಯಾಸ ಬೇಕಿರಲಿಲ್ಲ. ಪುಣೆಯ ನ್ಯಾಯಾಲಯ ದಾಭೋಲ್ಕರ್ ಪ್ರಕರಣದಲ್ಲಿ ಇಬ್ಬರಿಗೆ ಜೀವಾವಧಿ ಶಿಕ್ಷೆ ವಿಧಿಸಿದ್ದು 2024ರ ಮೇ ತಿಂಗಳಲ್ಲಿ. ಮೂವರು ಬಿಡುಗಡೆಯಾದರು.

ದಾಭೋಲ್ಕರ್ ವರ್ಷಗಟ್ಟಲೆ ಹೋರಾಡಿದ ಮೂಢನಂಬಿಕೆ ವಿರೋಧಿ ಕಾಯಿದೆ, ಅವರು ಸತ್ತ ನಾಲ್ಕೇ ದಿನಕ್ಕೆ ಮಹಾರಾಷ್ಟ್ರದಲ್ಲಿ ಸುಗ್ರೀವಾಜ್ಞೆಯಾಗಿ ಬಂತು, ವರ್ಷಾಂತ್ಯಕ್ಕೆ ಶಾಸನವಾಯಿತು. ಕರ್ನಾಟಕ 2017ರಲ್ಲಿ ತನ್ನದನ್ನು ಮಾಡಿ 2020ರಲ್ಲಿ ಜಾರಿಗೆ ತಂದಿತು. ಮಹಾರಾಷ್ಟ್ರದ ಕಾಯಿದೆಯನ್ನು ಓದಿದರೆ ಅದರಲ್ಲಿ ನಾಸ್ತಿಕತೆಯ ವಾಸನೆಯೂ ಇಲ್ಲ. ನರಬಲಿ, ದೆವ್ವ ಬಿಡಿಸಲು ಹೊಡೆಯುವುದು, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕುವುದು — ಇಂಥವು ಅಪರಾಧ. ವಾರಕರಿಗಳು ಆಕ್ಷೇಪವೆತ್ತಿದ್ದರಿಂದ ಪ್ರದಕ್ಷಿಣೆ, ಯಾತ್ರೆ, ಕೀರ್ತನೆ, ಹರಿಕಥೆಗಳಿಗೆ ಇದು ಅನ್ವಯಿಸದು ಎಂಬ ಮಾತೂ ಕಾಯಿದೆಯೊಳಗೇ ಸೇರಿದೆ. ಕರ್ನಾಟಕದ ಕಾಯಿದೆಯಲ್ಲೂ ಅಂಥದೇ ರಕ್ಷಣೆಯಿದೆ. ಬ್ರಾಹ್ಮಣರು ಉಂಡ ಎಂಜಲೆಲೆಯ ಮೇಲೆ ಉರುಳುವ ಮಡೆಸ್ನಾನಕ್ಕೆ ಮಾತ್ರ ಅದು ರಕ್ಷಣೆ ಕೊಡಲಿಲ್ಲ. ಜಾತಿಯ ಪ್ರಶ್ನೆ ಅಷ್ಟರಮಟ್ಟಿಗೆ ವಾದದೊಳಕ್ಕೆ ಮರಳಿ ಬಂದಿದೆ. ಆಕ್ಷೇಪವೆತ್ತಿದವರೂ ಕರಡು ಬರೆದವರೂ ಎದುರುಬದುರು ಕೂತು ಒಂದೊಂದು ಕಲಮನ್ನೂ ತಿದ್ದಿದ್ದು ಟಿವಿಯಲ್ಲಿ ಬರಲಿಲ್ಲ. ನೂರು ವರ್ಷದ ಈ ವಾದದಿಂದ ಎರಡು ರಾಜ್ಯಗಳ ಬಡವರಿಗೆ ದಕ್ಕಿದ್ದು ಆ ತಿದ್ದುಪಡಿಗಳೇ.