ಕಲ್ಕತ್ತೆಯ ಎಣಿಕೆಯ ಶಾಲೆ

ವಿದ್ಯಾವಂತನಾದವನಿಗೆ ಎಣಿಸಲು ಬಾರದೆಂದರೆ ಯಾರೂ ನಂಬಲಾರರು. ಮಗ್ಗಿ ಕಲಿತ ಬಾಲಕನೂ ಎಣಿಸಬಲ್ಲನಷ್ಟೆ. ಆದರೆ ಒಂದು ಪ್ರಾಂತದ ಹೊಲಗಳಲ್ಲಿ ಎಷ್ಟು ಬೆಳೆ ನಿಂತಿದೆ, ಒಂದು ನದಿಯ ನೆರೆಗೆ ಕಾರಣವೇನು, ಎರಡು ಜನವರ್ಗಗಳು ಮೈಕಟ್ಟಿನಲ್ಲಿ ಒಂದಕ್ಕೊಂದು ಎಷ್ಟು ಸಮೀಪ ಎಂಬ ಪ್ರಶ್ನೆಗಳು ಎದುರಾದಾಗ ಹೆಸರಾಂತ ವಿದ್ವಾಂಸರೂ ಎಡವಿದ್ದುಂಟು. ಅವರಿಗೆ ಸಂಕಲನ ವ್ಯವಕಲನಗಳು ತಿಳಿಯದೆ ಹಾಗಾಯಿತೆನ್ನುವಂತಿಲ್ಲ. ಏನನ್ನು ಎಣಿಸಬೇಕು, ಎಷ್ಟನ್ನು ಆರಿಸಿಕೊಳ್ಳಬೇಕು, ಎಣಿಸುವವನ ಕಣ್ಣನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬ ವಿಚಾರವನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಈ ವಿದ್ಯೆಯನ್ನು ಕೈಯಾರೆ ಮಾಡಿಸಿ ಕಲಿಸಿದ ಶಾಲೆಯೊಂದು ನಮ್ಮ ದೇಶದಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿತು. ಅದರ ಚರಿತ್ರೆಯು ಕನ್ನಡ ನಾಡಿಗೂ ಸಂಬಂಧಪಟ್ಟುದಾಗಿದೆ.

ಪ್ರಶಾಂತಚಂದ್ರ ಮಹಲನೋಬಿಸರು ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಓದಿ 1915ರಲ್ಲಿ ಸ್ವದೇಶಕ್ಕೆ ಹೊರಟವರು. ಮಹಾಯುದ್ಧದ ಕಾರಣದಿಂದ ಹಡಗು ತಡವಾಯಿತು. ಆ ಬಿಡುವಿನಲ್ಲಿ ಕಾಲೇಜಿನ ಪುಸ್ತಕಾಲಯದಲ್ಲಿ ಕುಳಿತಿದ್ದಾಗ ಅಧ್ಯಾಪಕರಾದ ಮೆಕಾಲೆಯವರು ‘ಬಯೋಮೆಟ್ರಿಕಾ’ ಎಂಬ ಪತ್ರಿಕೆಯ ಸಂಪುಟಗಳನ್ನು ಅವರಿಗೆ ತೋರಿಸಿದರು. ಜೀವಿಗಳ ಅಳತೆಗಳನ್ನು ಗಣಿತದ ಒರೆಗೆ ಹಚ್ಚುವ ಆ ಪತ್ರಿಕೆಯು ತರುಣನ ಮನಸ್ಸನ್ನು ಸೆಳೆಯಿತು. ಅವರು ಸಂಪುಟಗಳನ್ನು ಕೊಂಡು, ಹಡಗಿನಲ್ಲಿಯೇ ಓದುತ್ತ ಬಂದರು. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರಿಗೆ ದೊರೆತುದು ಭೌತವಿಜ್ಞಾನದ ಅಧ್ಯಾಪಕ ವೃತ್ತಿಯಾದರೂ ಚಿತ್ತವು ಅಂಕಿಗಳಲ್ಲಿ ನೆಟ್ಟಿತ್ತು. ಅವರಿಗೆ ಮೊದಲ ಕೆಲಸವನ್ನು ಒಪ್ಪಿಸಿದವರಲ್ಲಿ ಆಚಾರ್ಯ ಬ್ರಜೇಂದ್ರನಾಥ ಸೀಲರು ಒಬ್ಬರು. ಕಲ್ಕತ್ತಾ ವಿಶ್ವವಿದ್ಯಾನಿಲಯದ ಪರೀಕ್ಷೆಗಳ ಫಲಿತಾಂಶಗಳನ್ನು ಶೋಧಿಸಿ ನೋಡಬೇಕೆಂದು ಅವರು 1917ರಲ್ಲಿ ಕೇಳಿಕೊಂಡರು. ಈ ಸೀಲರೇ ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ವೈಸ್ ಛಾನ್ಸಲರಾಗಿ ನಮ್ಮವರಿಗೆ ಪೂಜ್ಯರಾದವರು.

ಅಂಕಿಗಳ ಶೋಧನೆಯಿಂದ ಜನರಿಗೇನು ಪ್ರಯೋಜನವೆಂದು ಕೇಳುವವರಿಗೆ ನೆರೆಗಳೇ ಉತ್ತರ ಕೊಟ್ಟವು. 1922ರಲ್ಲಿ ಉತ್ತರ ಬಂಗಾಳದಲ್ಲಿ ಮಹಾ ಪ್ರವಾಹ ಬಂದಿತು. ನೀರನ್ನು ತಡೆಹಿಡಿಯುವ ಕೊಳಗಳನ್ನು ಬಹು ವೆಚ್ಚದಿಂದ ಕಟ್ಟಬೇಕೆಂದು ತಜ್ಞರು ಸೂಚಿಸಿದ್ದರು. ಮಹಲನೋಬಿಸರು ಸುಮಾರು 50 ವರ್ಷಗಳ ಮಳೆಯ ಮತ್ತು ನೆರೆಯ ದಾಖಲೆಗಳನ್ನು ಹರವಿಕೊಂಡು ಕುಳಿತು, ಇಂತಹ ಕೊಳಗಳಿಂದ ಫಲವಿಲ್ಲವೆಂದೂ ನೀರು ಬೇಗನೆ ಹರಿದುಹೋಗುವ ದಾರಿಯನ್ನು ಮಾಡಬೇಕೆಂದೂ ತೋರಿಸಿದರು. 1926ರಲ್ಲಿ ಒರಿಸ್ಸದ ಬ್ರಾಹ್ಮಣೀ ನದಿಯು ಉಕ್ಕಿದಾಗ, ನದಿಯ ಪಾತ್ರವೇ ಮೇಲೆದ್ದಿದೆ, ಆದುದರಿಂದ ಏರಿಗಳನ್ನು ಎತ್ತರಿಸಬೇಕು ಎಂದು ಎಂಜಿನಿಯರುಗಳು ಅಭಿಪ್ರಾಯಪಟ್ಟರು. ಸುಮಾರು 60 ವರ್ಷಗಳ ಅಂಕಿಗಳಲ್ಲಿ ಪಾತ್ರವು ಏರಿದ ಕುರುಹೇ ಇರಲಿಲ್ಲ. ಕಣ್ಣಿಗೆ ಕಂಡಂತೆ ನಂಬಿ ನಡೆದಿದ್ದರೆ ಜನರ ಹಣವೂ ಶ್ರಮವೂ ಹೊಳೆಯ ಪಾಲಾಗುತ್ತಿದ್ದವು.

ಇಂತಹ ಕೆಲಸ ಒಬ್ಬನಿಂದ ಮುಗಿಯುವುದಲ್ಲ. ಕಾಲೇಜಿನ ಭೌತವಿಜ್ಞಾನ ವಿಭಾಗದ ಕೊಠಡಿಯಲ್ಲಿಯೇ ಒಂದು ಸಂಖ್ಯಾಶಾಸ್ತ್ರದ ಪ್ರಯೋಗಶಾಲೆ ಬೆಳೆಯಿತು. 1931ರ ಡಿಸೆಂಬರ್ 17ರಂದು ಕೂಡಿದ ಸಭೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಸ್ಥಾಪನೆಯಾಯಿತು. ಅದರ ಮೊದಲ ವರ್ಷದ ವೆಚ್ಚ ಕೇವಲ 238 ರೂಪಾಯಿ! 1933ರಲ್ಲಿ ‘ಸಂಖ್ಯಾ’ ಎಂಬ ಪತ್ರಿಕೆಯೂ ಹೊರಟಿತು.

ಈ ಶಾಲೆಯ ಶಿಕ್ಷಣಕ್ರಮವು ವಿಚಾರಾರ್ಹವಾದುದು. ರಾಜಚಂದ್ರ ಬೋಸರು ಜ್ಯಾಮಿತಿಯಲ್ಲಿ ಪ್ರವೀಣರಾದ ಅಧ್ಯಾಪಕರು. ಸಂಖ್ಯಾಶಾಸ್ತ್ರದ ಗಂಧವೂ ಅವರಿಗಿರಲಿಲ್ಲ. ಮಹಲನೋಬಿಸರು 1932ರ ಕೊನೆಯಲ್ಲಿ ಅವರನ್ನು ಕರೆದುಕೊಂಡು, ಓದಬೇಕಾದ 50 ಲೇಖನಗಳ ಪಟ್ಟಿಯನ್ನೂ ಫಿಷರರು 1925ರಲ್ಲಿ ಸಂಶೋಧಕರಿಗಾಗಿ ಬರೆದ ಗ್ರಂಥವನ್ನೂ ಅವರ ಮುಂದಿಟ್ಟರು. ಗುರುವಾಗಿದ್ದವರು ಮತ್ತೆ ಶಿಷ್ಯರಾದರು. ಬೇರೆ ಊರುಗಳಿಂದಲೂ ಇಲಾಖೆಗಳಿಂದಲೂ ತರಬೇತಿಗಾಗಿ ಜನರು ಬರತೊಡಗಿದರು. ಅವರ ಮುಂದಿದ್ದುವು ಕಲ್ಪಿತ ಲೆಕ್ಕಗಳಲ್ಲ. ನಿಜವಾದ ಹೊಲ, ನಿಜವಾದ ಮಳೆ, ನಿಜವಾದ ಮನುಷ್ಯರ ಅಳತೆಗಳು.

ಸೆಣಬಿನ ಬೆಳೆಯ ಅಂದಾಜು ಈ ಶಿಕ್ಷಣದ ನಿಜವಾದ ಪರೀಕ್ಷೆಯಾಯಿತು. ಬಂಗಾಳದ ರೈತನ ಕೈಗೆ ರೊಕ್ಕ ತರುತ್ತಿದ್ದ ಬೆಳೆ ಸೆಣಬು. ಅಂದಾಜು ತಪ್ಪಿದರೆ ರೈತನಿಗೂ ಗಿರಣಿಗೂ ನಷ್ಟ. 1937ರಿಂದ ಮಹಲನೋಬಿಸರು ಎಲ್ಲ ಹೊಲಗಳನ್ನೂ ನೋಡುವುದನ್ನು ಬಿಟ್ಟು, ಯಾವ ಒಲವೂ ಇಲ್ಲದಂತೆ ಚೀಟಿಯೆತ್ತಿದ ರೀತಿಯಲ್ಲಿ ಕೆಲವನ್ನು ಮಾತ್ರ ಆರಿಸಿ ಅಳೆಯುವ ಮಾರ್ಗವನ್ನು ಹಿಡಿದರು. ಕೆಲವನ್ನು ನೋಡಿ ಎಲ್ಲವನ್ನೂ ಹೇಳುವುದುಂಟೆ ಎಂದು ನಕ್ಕವರಿದ್ದರು. ಅನ್ನ ಬೆಂದಿತೇ ಎಂದು ನೋಡಲು ಒಂದೆರಡು ಅಗುಳು ಸಾಕೆಂಬುದನ್ನು ಗೃಹಿಣಿಯರು ಬಲ್ಲರು. ಅಗುಳನ್ನು ಪಾತ್ರೆಯ ಯಾವ ಭಾಗದಿಂದ ತೆಗೆಯಬೇಕೆಂಬುದೇ ಇಲ್ಲಿಯ ಶಾಸ್ತ್ರ. 1940ರ ದಶಕದ ಒಂದು ಹಂಗಾಮಿನಲ್ಲಿ ಈ ಮಾದರಿ ಪರಿಶೀಲನೆಯಿಂದ 75 ಲಕ್ಷದ 40 ಸಾವಿರ ಬೇಲು ಸೆಣಬೆಂದು ಅಂದಾಜಾಯಿತು. ಎಲ್ಲ ಹೊಲಗಳನ್ನೂ ಎಣಿಸಿದ ಲೆಕ್ಕವು 63 ಲಕ್ಷದ 4 ಸಾವಿರವೆಂದಿತು. ಕಡೆಗೆ ವ್ಯಾಪಾರದ ದಾಖಲೆಗಳಿಂದ ತಿಳಿದುಬಂದುದು 75 ಲಕ್ಷದ 62 ಸಾವಿರ. ಎಲ್ಲವನ್ನೂ ಎಣಿಸಿದ ಲೆಕ್ಕವೇ ಹೆಚ್ಚು ದೂರ ಸರಿದಿತ್ತು. ಕೆಲಸಗಾರರು ಅಸಂಖ್ಯವಾದಷ್ಟೂ ಶಿಕ್ಷಣವೂ ಮೇಲ್ವಿಚಾರಣೆಯೂ ತೆಳುವಾಗುತ್ತವೆ. ತಪ್ಪುಗಳು ಗುಂಪಿನಲ್ಲಿ ಅಡಗಿಕೊಳ್ಳುತ್ತವೆ.

ತಪ್ಪನ್ನು ಬಯಲಿಗೆಳೆಯಲು ಅವರು ಹೂಡಿದ ಉಪಾಯವು ಸರಳವಾದುದು. ಒಂದೇ ಪ್ರದೇಶಕ್ಕೆ ಎರಡು ಬೇರೆ ಬೇರೆ ಮಾದರಿಗಳನ್ನು ತೆಗೆದು, ಎರಡು ತಂಡಗಳು ಒಂದರ ಹಂಗಿಲ್ಲದೆ ಇನ್ನೊಂದು ಅಳೆದು ತರುವಂತೆ ಏರ್ಪಡಿಸಿದರು. ಎರಡು ಫಲಗಳೂ ಹೊಂದಿಕೊಂಡರೆ ನಂಬಿಕೆ. ಬಹಳವಾಗಿ ಬೇರೆಯಾದರೆ ಮತ್ತೆ ಹೊಲಕ್ಕೆ ನಡೆಯಬೇಕು. ಆದರೂ ಮನುಷ್ಯಸ್ವಭಾವವು ಸೂಕ್ಷ್ಮವಾದುದು. ಹೊಲದಲ್ಲಿ ಪುಟ್ಟ ವೃತ್ತವೊಂದನ್ನು ಗುರುತಿಸಿ ಅದರೊಳಗಿನ ಪೈರನ್ನು ಕೊಯ್ದು ತೂಗುವಾಗ, ಗೆರೆಯ ಮೇಲೆ ನಿಂತ ಗಿಡವನ್ನು ಒಳಗೆ ಸೇರಿಸಿಕೊಳ್ಳುವ ಆಸೆಯು ಪ್ರಾಮಾಣಿಕನಿಗೂ ಹುಟ್ಟುತ್ತದೆ. ವೃತ್ತವು ಚಿಕ್ಕದಾದಷ್ಟೂ ಒಳಗಿನ ನೆಲಕ್ಕೆ ಹೋಲಿಸಿದರೆ ಗೆರೆಯ ಪಾಲು ಹೆಚ್ಚು. ಆದುದರಿಂದ ಇಳುವರಿಯು ಇದ್ದುದಕ್ಕಿಂತ ಅಧಿಕವಾಗಿ ಕಾಣುತ್ತದೆ. ಈ ದೋಷವನ್ನು ಎತ್ತಿ ಹಿಡಿದು, ದೊಡ್ಡ ತುಂಡುಗಳನ್ನೇ ಕೊಯ್ಯಬೇಕೆಂದು ಪಾಂಡುರಂಗ ಸುಖಾತ್ಮೆಯವರು 1940ರ ದಶಕದಲ್ಲಿ ವಾದಿಸಿದರು. ಆ ವಾದದಿಂದ ಈ ವಿದ್ಯೆಗೆ ಉಪಕಾರವೇ ಆಯಿತು. ಲೆಕ್ಕವನ್ನು ಪರೀಕ್ಷಿಸುವವನು ತನ್ನ ಕೈಯನ್ನೂ ಪರೀಕ್ಷಿಸಿಕೊಳ್ಳಬೇಕೆಂಬುದು ಎಲ್ಲರಿಗೂ ಮನವರಿಕೆಯಾಯಿತು.

ಈ ಶಾಲೆಗೆ ಕನ್ನಡ ನಾಡಿನಿಂದ ಹೋದ ಶಿಷ್ಯರ ಮಾತನ್ನು ಇಲ್ಲಿ ಹೇಳಬೇಕು. ಮಲ್ಲಿಗೆಗೆ ಹೆಸರಾದ ಹೂವಿನಹಡಗಲಿಯಲ್ಲಿ 1920ರ ಸೆಪ್ಟೆಂಬರ್ 10ರಂದು ಕಲ್ಯಂಪೂಡಿ ರಾಧಾಕೃಷ್ಣರಾಯರು ಜನಿಸಿದರು. ತಂದೆಯವರು ಪೋಲೀಸ್ ಅಧಿಕಾರಿಗಳು. ಎಂಟನೆಯ ಮಗುವಾದುದರಿಂದ ದೇವಕಿಯ ಎಂಟನೆಯ ಗರ್ಭದಲ್ಲಿ ಜನಿಸಿದ ಕೃಷ್ಣನ ಹೆಸರನ್ನು ಇಟ್ಟರು. ಆಂಧ್ರ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಎಂ.ಎ. ಮುಗಿಸಿದ ಈ ತರುಣರು ಸೈನ್ಯದ ಸರ್ವೆ ಇಲಾಖೆಯ ಕೆಲಸವನ್ನು ಬಯಸಿ ಕಲ್ಕತ್ತೆಗೆ ಹೋದರು. ಕೆಲಸ ಸಿಕ್ಕಲಿಲ್ಲ. ಆದರೆ ತಾವು ತಂಗಿದ್ದ ಸ್ಥಳದಲ್ಲಿ, ಮಹಲನೋಬಿಸರಲ್ಲಿ ತರಬೇತಿಗೆಂದು ಬಂದಿದ್ದ ದಕ್ಷಿಣದೇಶದವರೊಬ್ಬರು ಪರಿಚಯವಾದರು. ಅವರ ಮಾತಿನಿಂದ ಪ್ರೇರಿತರಾಗಿ ರಾಯರು 1941ರ ಜನವರಿ 1ರಂದು ಸಂಸ್ಥೆಯನ್ನು ಸೇರಿದರು. ಅದೇ ವರ್ಷ ಕಲ್ಕತ್ತಾ ವಿಶ್ವವಿದ್ಯಾನಿಲಯವು ಸಂಖ್ಯಾಶಾಸ್ತ್ರದಲ್ಲಿ ಎಂ.ಎ. ತರಗತಿಯನ್ನು ತೆರೆಯಿತು; ಮೊದಲ ತಂಡದ ವಿದ್ಯಾರ್ಥಿಗಳಲ್ಲಿ ರಾಯರೂ ಒಬ್ಬರು. ನಾಲ್ಕು ವರ್ಷಗಳು ಕಳೆಯುವಷ್ಟರಲ್ಲಿ, 1945ರಲ್ಲಿ, ಅಂದಾಜಿನ ನಿಖರತೆಗೆ ಒಂದು ಎಲ್ಲೆಯುಂಟೆಂದು ತೋರಿಸುವ ಅವರ ಲೇಖನವು ಪ್ರಕಟವಾಗಿ, ಅವರ ಹೆಸರು ಶಾಸ್ತ್ರದಲ್ಲಿ ಸ್ಥಿರವಾಯಿತು.

1946ರಲ್ಲಿ ಕೇಂಬ್ರಿಜ್ಜಿನಿಂದ ಕರೆ ಬಂದಿತು. ಸೂಡಾನಿನ ಜೆಬೆಲ್ ಮೋಯ ಎಂಬಲ್ಲಿ ದೊರೆತ ಪುರಾತನ ಅಸ್ಥಿಪಂಜರಗಳನ್ನು ಅಳೆದು, ಆ ಜನರ ಸಂಬಂಧಗಳನ್ನು ತಿಳಿಯಬೇಕಾಗಿತ್ತು. ಅದಕ್ಕೆ ಬೇಕಾದುದು ಮಹಲನೋಬಿಸರು 1936ರಲ್ಲಿ ನಿರೂಪಿಸಿದ ‘ದೂರ’ದ ಮಾನ. ಎತ್ತರವಿದ್ದವನ ತೋಳೂ ಉದ್ದವಾಗಿರುವುದು ಸಹಜ. ಇಂತಹ ಪರಸ್ಪರ ಸಂಬಂಧಗಳನ್ನು ಗಮನದಲ್ಲಿಟ್ಟು, ಹಲವು ಅಳತೆಗಳನ್ನು ಒಟ್ಟಿಗೆ ತೂಗಿ, ಎರಡು ಗುಂಪುಗಳ ಅಂತರವನ್ನು ಹೇಳುವ ಕ್ರಮವದು. ಹಾಗೆ ರಾಯರು ಕಿಂಗ್ಸ್ ಕಾಲೇಜನ್ನು ಸೇರಿದರು. ಅವರ ಗುರುಗಳು 31 ವರ್ಷಗಳ ಹಿಂದೆ ಹಡಗಿಗಾಗಿ ಕಾಯುತ್ತ ಕುಳಿತಿದ್ದುದು ಅದೇ ಕಾಲೇಜಿನಲ್ಲಿ. ಅಲ್ಲಿ ಫಿಷರರ ಮಾರ್ಗದರ್ಶನದಲ್ಲಿ 1948ರಲ್ಲಿ ರಾಯರಿಗೆ ಡಾಕ್ಟರ್ ಪದವಿ ದೊರೆಯಿತು.

ಸ್ವದೇಶಕ್ಕೆ ಹಿಂದಿರುಗಿದ ರಾಯರು ಬಹುಕಾಲ ಸಂಸ್ಥೆಯ ಸಂಶೋಧನೆ ಮತ್ತು ತರಬೇತಿಯ ಶಾಲೆಯನ್ನು ನಡೆಸಿದರು. 1950ರಲ್ಲಿ ಕಲ್ಕತ್ತೆಯಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಶಿಕ್ಷಣ ಕೇಂದ್ರವು ತೆರೆಯಲು, ಏಷ್ಯದ ಬೇರೆ ಬೇರೆ ದೇಶಗಳವರು ಇಲ್ಲಿಗೆ ಕಲಿಯಲು ಬಂದರು. ಸಂಸ್ಥೆಯ ಶಾಖೆಯೊಂದು ಬೆಂಗಳೂರಿನಲ್ಲಿಯೂ ನೆಲೆಗೊಂಡಿತು. 102 ವರ್ಷಗಳ ತುಂಬು ಬಾಳನ್ನು ಬಾಳಿದ ರಾಯರು 2023ರ ಆಗಸ್ಟ್ 22ರಂದು ಅಮೆರಿಕದಲ್ಲಿ ಕಾಲವಾದರು.

ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರಗಳ ಮುಂದೆ ಆ ಕಾಲದವರು ದಿನಗಟ್ಟಲೆ ಮಾಡಿದುದನ್ನು ಇಂದಿನ ಗಣಕಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿ ಮುಗಿಸುತ್ತವೆ. ಅದರಿಂದ ಶ್ರಮವು ಉಳಿಯಿತು. ಆದರೆ ಹೊಲದ ವೃತ್ತದ ಗೆರೆಯ ಮೇಲೆ ಗಿಡವು ಇಂದಿಗೂ ನಿಂತಿದೆ. ಅದು ಒಳಗಿನದೋ ಹೊರಗಿನದೋ ಎಂದು ತೀರ್ಮಾನಿಸುವಾಗ ತನ್ನ ಇಷ್ಟವನ್ನು ಬದಿಗಿಡುವ ಅಭ್ಯಾಸವನ್ನು ಯಂತ್ರವು ಕಲಿಸಲಾರದು. ಕಲ್ಕತ್ತೆಯ ಆ ಕೊಠಡಿಗೆ ಬಂದ ಪಂಡಿತರು ಹೊಲಕ್ಕೆ ಹೋಗಿ, ಅಳೆದು, ತಪ್ಪಿ, ಮತ್ತೆ ಅಳೆದು ಅದನ್ನು ಕಲಿತರು. ಇಂದು ಕಲಿಯಬೇಕೆನ್ನುವವರಿಗೂ ದಾರಿ ಅದೇ ಆಗಿದೆ.