ಕೊಡಗು ಜಿಲ್ಲೆಯ ಆಹಾರ ಪದ್ಧತಿ ಮತ್ತು ಆಚರಣೆಗಳು: ಪ್ರವಾಸಿಗರಿಗೆ ಮಾಹಿತಿ

ಕೊಡಗು ಜಿಲ್ಲೆಯು ಪಶ್ಚಿಮ ಘಟ್ಟಗಳ ಪೂರ್ವ ಇಳಿಜಾರಿನಲ್ಲಿದ್ದು, ಮಡಿಕೇರಿಯು ಜಿಲ್ಲಾ ಕೇಂದ್ರವಾಗಿದೆ. ಪ್ರತ್ಯೇಕ ರಾಜ್ಯವಾಗಿದ್ದ ಕೊಡಗು 1956ರ ನವೆಂಬರ್ 1ರಂದು ಮೈಸೂರು ರಾಜ್ಯದೊಂದಿಗೆ ವಿಲೀನಗೊಂಡಿತು. ಕೊಡವರು, ಅರೆಭಾಷೆ ಗೌಡರು, ಯರವರು, ಜೇನುಕುರುಬರು ಮೊದಲಾದ ಹಲವು ಸಮುದಾಯಗಳು ಇಲ್ಲಿ ನೆಲೆಸಿವೆ. ಅಬ್ಬಿ ಜಲಪಾತ, ರಾಜಾಸೀಟ್ ಮುಂತಾದ ತಾಣಗಳ ವೀಕ್ಷಣೆಯೊಂದಿಗೆ ಇಲ್ಲಿನ ಊಟ ಮತ್ತು ಹಬ್ಬಗಳನ್ನೂ ಅರಿತಾಗ ಮಾತ್ರ ಪ್ರವಾಸವು ಪೂರ್ಣವಾಗುತ್ತದೆ.

ಪ್ರಮುಖ ಆಹಾರಗಳು

ಭತ್ತವು ಇಲ್ಲಿನ ಸಾಂಪ್ರದಾಯಿಕ ಬೆಳೆಯಾದ್ದರಿಂದ ಬಹುತೇಕ ತಿನಿಸುಗಳು ಅಕ್ಕಿಯಿಂದಲೇ ತಯಾರಾಗುತ್ತವೆ.

1. ಕಡಂಬುಟ್ಟು: ಅಕ್ಕಿ ತರಿಯನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದ್ದು.
2. ನೂಲ್‌ಪುಟ್ಟು: ಅಕ್ಕಿ ಶಾವಿಗೆ.
3. ಪಾಪುಟ್ಟು: ಅಕ್ಕಿ ತರಿ, ಹಾಲು ಹಾಗೂ ತೆಂಗಿನ ತುರಿಯನ್ನು ಸೇರಿಸಿ ಹಬೆಯಲ್ಲಿ ಬೇಯಿಸಿದ್ದು.
4. ಅಕ್ಕಿ ಒಟ್ಟಿ: ಅನ್ನ ಮತ್ತು ಅಕ್ಕಿ ಹಿಟ್ಟನ್ನು ನಾದಿ ಮಾಡಿದ ರೊಟ್ಟಿ.
5. ಪಂದಿ ಕರಿ: ಹುರಿದ ಮಸಾಲೆ ಹಾಗೂ ಕಾಚಂಪುಳಿ ಬೆರೆಸಿದ ಹಂದಿ ಮಾಂಸದ ಪಲ್ಯ.

ಕಾಚಂಪುಳಿ ಎಂಬುದು ಉಪ್ಪಾಗೆ ಜಾತಿಯ ಹಣ್ಣಿನ ರಸವನ್ನು ದೀರ್ಘಕಾಲ ಕುದಿಸಿ ತಯಾರಿಸುವ ಕಪ್ಪು ಬಣ್ಣದ ಗಟ್ಟಿ ಹುಳಿಯಾಗಿದ್ದು, ಕೆಲವೇ ಹನಿಗಳು ಸಾಕಾಗುತ್ತವೆ. ಮಾಂಸಾಹಾರ ಸೇವಿಸದವರು ಮಳೆಗಾಲದಲ್ಲಿ ಅಣಬೆ ಮತ್ತು ಕಣಿಲೆಯ (ಎಳೆ ಬಿದಿರು) ಪದಾರ್ಥಗಳನ್ನು ಸವಿಯಬಹುದು. ಹಸಿ ಕಣಿಲೆಯು ವಿಷಕಾರಿ ಅಂಶವನ್ನು ಹೊಂದಿರುವುದರಿಂದ, ಹೆಚ್ಚಿ, ನೀರಿನಲ್ಲಿ ನೆನೆಸಿ, ನೀರನ್ನು ಬದಲಾಯಿಸಿದ ನಂತರವೇ ಬೇಯಿಸುವುದು ರೂಢಿ. ಇದನ್ನು ತಿಳಿಯದೆ ಮನೆಯಲ್ಲಿ ಪ್ರಯೋಗಿಸುವುದು ಸೂಕ್ತವಲ್ಲ.

ಋತುಮಾನದ ಆಚರಣೆಗಳು

ಕಕ್ಕಡ ಪದ್‌ನೆಟ್ಟ್: ಆಗಸ್ಟ್ ಮೊದಲ ವಾರದಲ್ಲಿ ಬರುತ್ತದೆ. ಅಂದು ಮದ್ದು ಸೊಪ್ಪಿನಲ್ಲಿ ಹದಿನೆಂಟು ಔಷಧೀಯ ಗುಣಗಳು ಸೇರಿರುತ್ತವೆ ಎಂಬುದು ನಂಬಿಕೆ. ಇದರ ರಸದಿಂದ ನೇರಳೆ ಬಣ್ಣದ ಪಾಯಸವನ್ನು ಮಾಡಲಾಗುತ್ತದೆ. ಸೇವಿಸಿದ ನಂತರ ಮೂತ್ರವು ಕೆಂಪಾಗುವುದು ಸಹಜವಾಗಿದ್ದು, ಗಾಬರಿಪಡಬೇಕಾಗಿಲ್ಲ.

ಕೈಲ್ ಮುಹೂರ್ತ: ನಾಟಿ ಕೆಲಸ ಮುಗಿದ ಬಳಿಕ ಸೆಪ್ಟೆಂಬರ್ ಆರಂಭದಲ್ಲಿ ನಡೆಯುವ ಆಯುಧ ಪೂಜೆ.

ತುಲಾ ಸಂಕ್ರಮಣ: ಅಕ್ಟೋಬರ್ ಮಧ್ಯಭಾಗದಲ್ಲಿ ತಲಕಾವೇರಿಯಲ್ಲಿ ತೀರ್ಥೋದ್ಭವ ಜರುಗುತ್ತದೆ.

ಪುತ್ತರಿ: ನವೆಂಬರ್ ಅಂತ್ಯ ಅಥವಾ ಡಿಸೆಂಬರ್‌ನಲ್ಲಿ ಬರುವ ಸುಗ್ಗಿ ಹಬ್ಬ. ಕಕ್ಕಬ್ಬೆ ಬಳಿಯ ಪಾಡಿ ಇಗ್ಗುತಪ್ಪ ದೇವಾಲಯದಲ್ಲಿ ಮುಹೂರ್ತ ನಿಗದಿಯಾಗುತ್ತದೆ. ರಾತ್ರಿ ಗದ್ದೆಯಲ್ಲಿ ಕದಿರು ಕೊಯ್ದು ಮನೆ ತುಂಬಿಸಿಕೊಳ್ಳಲಾಗುತ್ತದೆ. ಮುಂದಿನ ದಿನಗಳಲ್ಲಿ ಊರಿನ ಮಂದ್‌ಗಳಲ್ಲಿ ಕೋಲಾಟ ನಡೆಯುತ್ತದೆ.

ಪ್ರವಾಸಿಗರು ಗಮನಿಸಬೇಕಾದ ಅಂಶಗಳು

1. ಪಂದಿ ಕರಿಗೆ ಸಾಕು ಹಂದಿಯ ಮಾಂಸವನ್ನು ಬಳಸಬೇಕು. ಕಾಡುಹಂದಿ, ಜಿಂಕೆ ಮುಂತಾದ ವನ್ಯಪ್ರಾಣಿಗಳ ಬೇಟೆ ಹಾಗೂ ಮಾಂಸ ಮಾರಾಟವು 1972ರ ವನ್ಯಜೀವಿ (ಸಂರಕ್ಷಣಾ) ಅಧಿನಿಯಮದ ಮೇರೆಗೆ ಶಿಕ್ಷಾರ್ಹವಾಗಿದೆ. ಕೇಳುವವರಿದ್ದರೆ ಮಾರುವವರೂ ಇರುತ್ತಾರೆ. ಆದುದರಿಂದ ಅಂತಹ ಮಾಂಸವನ್ನು ಕೇಳಕೂಡದು. ಯಾರಾದರೂ ನೀಡಲು ಮುಂದಾದಲ್ಲಿ ಅರಣ್ಯ ಇಲಾಖೆಗೆ ತಿಳಿಸತಕ್ಕದ್ದು.
2. ಐನ್‌ಮನೆಯು ಒಂದು ಒಕ್ಕದ (ಕುಟುಂಬದ) ಮೂಲ ಮನೆಯೇ ಹೊರತು ವಸ್ತುಸಂಗ್ರಹಾಲಯವಲ್ಲ. ಹಿರಿಯರ ಅನುಮತಿ ಪಡೆದು, ಪಾದರಕ್ಷೆ ಕಳಚಿ ಪ್ರವೇಶಿಸುವುದು.
3. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಇವುಗಳಲ್ಲಿ ಮರ, ಬಳ್ಳಿ, ಹೂವುಗಳನ್ನು ಕೀಳಬಾರದು. ಊಟ, ಮದ್ಯಪಾನ ಮಾಡಬಾರದು.
4. ಮನೆಯ ಹಬ್ಬಗಳು ಪ್ರದರ್ಶನಗಳಲ್ಲ. ಆಹ್ವಾನವಿದ್ದಲ್ಲಿ ಮಾತ್ರ ಭಾಗವಹಿಸಿ, ಛಾಯಾಚಿತ್ರ ತೆಗೆಯುವ ಮುನ್ನ ಕೇಳುವುದು.
5. ನೋಂದಾಯಿತ ಹೋಂಸ್ಟೇಗಳಲ್ಲಿಯೇ ತಂಗುವುದು. ಊಟದ ದರವನ್ನು ಮುಂಚಿತವಾಗಿ ತಿಳಿದು, ರಸೀದಿ ಪಡೆಯುವುದು. ಸ್ಥಳೀಯ ಅಡುಗೆ ಬೇಕಾದಲ್ಲಿ ಒಂದು ದಿನ ಮೊದಲೇ ತಿಳಿಸಿದರೆ ಆಹಾರ ವ್ಯರ್ಥವಾಗುವುದಿಲ್ಲ.
6. ಕಾಫಿ, ಕಾಳುಮೆಣಸು, ಏಲಕ್ಕಿ, ಜೇನು, ಕಾಚಂಪುಳಿಗಳನ್ನು ಸಾಧ್ಯವಾದಷ್ಟು ಬೆಳೆಗಾರರಿಂದ, ಸಹಕಾರ ಸಂಘಗಳಿಂದ ಅಥವಾ ಮಹಿಳಾ ಸ್ವಸಹಾಯ ಗುಂಪುಗಳಿಂದ ಖರೀದಿಸಿದಲ್ಲಿ, ವೆಚ್ಚ ಮಾಡಿದ ಹಣವು ಊರಿನಲ್ಲಿಯೇ ಉಳಿಯುತ್ತದೆ. ಕೊಡಗು ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಮಾನ್ಯತೆ ದೊರೆತಿದೆ.

2018ರ ಆಗಸ್ಟ್‌ನಲ್ಲಿ ಸಂಭವಿಸಿದ ಭೂಕುಸಿತ ಮತ್ತು ಪ್ರವಾಹದಿಂದ ಜಿಲ್ಲೆಯು ಅಪಾರ ನಷ್ಟ ಅನುಭವಿಸಿದೆ. ಮಳೆಗಾಲದಲ್ಲಿ ಪ್ರಯಾಣಿಸುವವರು ಜಿಲ್ಲಾಡಳಿತದ ಸೂಚನೆಗಳನ್ನು ತಿಳಿದುಕೊಂಡೇ ಹೊರಡತಕ್ಕದ್ದು. ಅತಿಥಿ ಸತ್ಕಾರಕ್ಕೆ ಹೆಸರಾದ ಈ ನಾಡಿನ ನೆಲ, ಜಲ ಮತ್ತು ಆಚಾರಗಳನ್ನು ಗೌರವಿಸಿ ಸಹಕರಿಸಬೇಕೆಂದು ಪ್ರವಾಸಿಗರನ್ನು ಕೋರಲಾಗಿದೆ.