1267 ನಿರ್ಬಂಧ ಪಟ್ಟಿ ಮತ್ತು ಮಾನವ ಹಕ್ಕುಗಳು

ಅಲ್ ಕೈದಾ, ಐಸಿಸ್ ಮತ್ತು ಅವುಗಳೊಂದಿಗೆ ನಂಟುಳ್ಳ ವ್ಯಕ್ತಿ, ಸಂಘಟನೆಗಳ ಮೇಲೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಹೇರುವ ನಿರ್ಬಂಧಗಳ ಪಟ್ಟಿ. 1999ರ ಅಕ್ಟೋಬರ್ 15ರಂದು ಅಂಗೀಕಾರವಾದ 1267ನೇ ನಿರ್ಣಯದಿಂದ ಈ ಹೆಸರು ಬಂದಿದೆ. ಪಟ್ಟಿಗೆ ಸೇರಿದವರ ಹಣ ಮತ್ತು ಆಸ್ತಿ ಎಲ್ಲ ದೇಶಗಳಲ್ಲಿಯೂ ಸ್ಥಗಿತಗೊಳ್ಳುತ್ತದೆ, ಗಡಿ ದಾಟುವುದು ನಿಷೇಧವಾಗುತ್ತದೆ, ಅವರಿಗೆ ಶಸ್ತ್ರಾಸ್ತ್ರ ಒದಗಿಸುವಂತಿಲ್ಲ. ಇತ್ತೀಚಿನ ವರ್ಷಗಳಲ್ಲಿ ಪಟ್ಟಿಯಲ್ಲಿರುವ ವ್ಯಕ್ತಿಗಳ ಸಂಖ್ಯೆ 250ರ ಆಸುಪಾಸಿನಲ್ಲಿದೆ. ಸಂಖ್ಯೆ ಚಿಕ್ಕದಾದರೂ, ಭಯೋತ್ಪಾದನೆ ನಿಗ್ರಹಕ್ಕೂ ಮಾನವ ಹಕ್ಕುಗಳಿಗೂ ನಡುವಿನ ತಿಕ್ಕಾಟ ಕಾನೂನಿನ ನೆಲೆಯಲ್ಲಿ ಅತ್ಯಂತ ಆಳವಾಗಿ ಚರ್ಚೆಯಾದದ್ದು ಬಹುಶಃ ಈ ಪಟ್ಟಿಯ ಸುತ್ತಲೇ. ಭಯೋತ್ಪಾದನೆ ಶಂಕಿತರನ್ನಿಟ್ಟ ಗ್ವಾಂಟನಾಮೊ ಸೆರೆಮನೆ ಅಮೆರಿಕ ಎಂಬ ಒಂದು ದೇಶದ ಕೆಲಸ. ಈ ಪಟ್ಟಿಗಾದರೋ ವಿಶ್ವಸಂಸ್ಥೆಯ ಎಲ್ಲ ಸದಸ್ಯ ದೇಶಗಳೂ ಬದ್ಧ.

ಹಿನ್ನೆಲೆ

1998ರ ಆಗಸ್ಟ್ 7ರಂದು ನೈರೋಬಿ ಮತ್ತು ದಾರ್ ಎಸ್ ಸಲಾಮ್‌ನ ಅಮೆರಿಕ ರಾಯಭಾರ ಕಚೇರಿಗಳ ಮೇಲೆ ಬಾಂಬ್ ದಾಳಿ ನಡೆಯಿತು. ಅದರ ಆರೋಪಿ, ಅಲ್ ಕೈದಾ ನಾಯಕ ಒಸಾಮ ಬಿನ್ ಲಾಡೆನ್‌ನನ್ನು ಒಪ್ಪಿಸುವಂತೆ ಅಫ್ಗಾನಿಸ್ತಾನದ ತಾಲಿಬಾನ್ ಆಡಳಿತದ ಮೇಲೆ ಒತ್ತಡ ತರುವುದು 1267ನೇ ನಿರ್ಣಯದ ಮೂಲ ಉದ್ದೇಶವಾಗಿತ್ತು. 2000ದ ಡಿಸೆಂಬರ್‌ನಲ್ಲಿ 1333ನೇ ನಿರ್ಣಯ ಬಿನ್ ಲಾಡೆನ್ ಮತ್ತು ಅವನ ಸಹಚರರನ್ನೂ ಪಟ್ಟಿಗೆ ತಂದಿತು. 2002ರ ಜನವರಿಯ 1390ನೇ ನಿರ್ಣಯ ಅಫ್ಗಾನಿಸ್ತಾನದೊಂದಿಗಿನ ಭೌಗೋಳಿಕ ಕೊಂಡಿಯನ್ನೇ ಕಳಚಿತು. ಅಲ್ಲಿಂದ ಮುಂದೆ ಜಗತ್ತಿನ ಯಾವ ಮೂಲೆಯಲ್ಲಿರುವವರನ್ನಾದರೂ, ಕಾಲಮಿತಿಯಿಲ್ಲದೆ ಪಟ್ಟಿಗೆ ಸೇರಿಸಲು ಸಾಧ್ಯವಾಯಿತು. ಒಂದು ಸರ್ಕಾರವನ್ನು ಬಗ್ಗಿಸಲು ರೂಪಿಸಿದ ಸಾಧನ ಬಿಡಿ ವ್ಯಕ್ತಿಗಳ ಮೇಲೆ ತಿರುಗಿತು; ಅದಕ್ಕೆ ತಕ್ಕ ವಿಚಾರಣಾ ವ್ಯವಸ್ಥೆ ಮಾತ್ರ ಜೊತೆಗೆ ಬರಲಿಲ್ಲ.

ನ್ಯೂಯಾರ್ಕ್ ದಾಳಿಯ ಬಳಿಕ 2001ರ ಸೆಪ್ಟೆಂಬರ್ 28ರಂದು ಬಂದ 1373ನೇ ನಿರ್ಣಯ ಇದಕ್ಕಿಂತ ಬೇರೆ. ಅದು ಪಟ್ಟಿ ಮಾಡುವ ಕೆಲಸವನ್ನು ಆಯಾ ದೇಶಗಳಿಗೇ ಬಿಟ್ಟಿತು. ಭಯೋತ್ಪಾದನೆ ಎಂದರೇನು ಎಂಬುದಕ್ಕೆ ಎಲ್ಲರೂ ಒಪ್ಪಿದ ಸಮಗ್ರ ವ್ಯಾಖ್ಯೆ ಆಗಲೂ ಇರಲಿಲ್ಲ, ಇಂದಿಗೂ ಇಲ್ಲ. 1996ರಲ್ಲಿ ಭಾರತ ಮುಂದಿಟ್ಟ ಸಮಗ್ರ ಒಪ್ಪಂದದ ಕರಡು ಈಗಲೂ ಚರ್ಚೆಯ ಹಂತದಲ್ಲಿಯೇ ಉಳಿದಿದೆ. ಭಯೋತ್ಪಾದನೆ ನಿಗ್ರಹ ಕ್ರಮಗಳು ಮಾನವ ಹಕ್ಕು, ನಿರಾಶ್ರಿತರ ಹಕ್ಕು ಮತ್ತು ಮಾನವೀಯ ಕಾನೂನುಗಳಿಗೆ ಅನುಗುಣವಾಗಿರಬೇಕೆಂದು ಭದ್ರತಾ ಮಂಡಳಿ ಸ್ಪಷ್ಟವಾಗಿ ಹೇಳಿದ್ದು 2003ರ ಜನವರಿಯಲ್ಲಿ, 1456ನೇ ನಿರ್ಣಯದಲ್ಲಿ.

ಪಟ್ಟಿಗೆ ಸೇರಿಸುವ ಬಗೆ

ಯಾವುದೇ ಸದಸ್ಯ ದೇಶ ಹೆಸರು ಸೂಚಿಸಬಹುದು. ಭದ್ರತಾ ಮಂಡಳಿಯ 15 ಸದಸ್ಯರೂ ಇರುವ ಸಮಿತಿ ಸರ್ವಾನುಮತದಿಂದ ತೀರ್ಮಾನಿಸುತ್ತದೆ. ನಿಗದಿತ ಅವಧಿಯೊಳಗೆ ಯಾರೂ ಆಕ್ಷೇಪಿಸದಿದ್ದರೆ ಹೆಸರು ಸೇರಿದಂತೆ. ಆರಂಭದಲ್ಲಿ ಈ ಅವಧಿ ಕೇವಲ 48 ಗಂಟೆಯಿತ್ತು. ಆಗ ಹೆಸರು ಸೇರಿದವರಿಗೆ ನೋಟಿಸ್ ಇರಲಿಲ್ಲ, ಆಧಾರಗಳ ಪ್ರತಿ ಇರಲಿಲ್ಲ, ತಮ್ಮ ಮಾತು ಹೇಳಿಕೊಳ್ಳಲು ವೇದಿಕೆಯೂ ಇರಲಿಲ್ಲ. ಅಂಗಡಿಯಲ್ಲಿ ಕಾರ್ಡ್ ನಡೆಯದಿದ್ದಾಗಲೋ ವಿಮಾನ ನಿಲ್ದಾಣದಲ್ಲಿ ತಡೆದಾಗಲೋ ವಿಷಯ ಗೊತ್ತಾಗುವಂಥ ವ್ಯವಸ್ಥೆ ಅದು. ಹೆಸರು ತೆಗೆಸಲು ತನ್ನ ದೇಶದ ಸರ್ಕಾರವನ್ನೇ ಅಂಗಲಾಚಬೇಕಿತ್ತು. ವ್ಯಕ್ತಿ ನೇರವಾಗಿ ಅರ್ಜಿ ಸಲ್ಲಿಸಲು ಒಂದು ಕಚೇರಿ ಏರ್ಪಟ್ಟದ್ದು 2006ರ 1730ನೇ ನಿರ್ಣಯದಿಂದ. ಆ ಕಚೇರಿಯ ಕೆಲಸ ಅರ್ಜಿಯನ್ನು ಸಂಬಂಧಪಟ್ಟ ದೇಶಗಳಿಗೆ ರವಾನಿಸುವುದಷ್ಟೇ.

ಈ ನಿರ್ಬಂಧ ಶಿಕ್ಷೆಯಲ್ಲ, ಮುನ್ನೆಚ್ಚರಿಕೆ ಮಾತ್ರ. ಆದ್ದರಿಂದ ಕ್ರಿಮಿನಲ್ ವಿಚಾರಣೆಯ ರಕ್ಷಣೆಗಳು ಅನ್ವಯಿಸುವುದಿಲ್ಲ ಎಂಬುದು ಮಂಡಳಿಯ ನಿಲುವು. ಒಂದೆರಡು ತಿಂಗಳ ಮಟ್ಟಿಗೆ ಈ ವಾದ ಒಪ್ಪತಕ್ಕದ್ದೇ. ಹತ್ತು ವರ್ಷ ಖಾತೆ ಮುಟ್ಟಲಾಗದವನಿಗೆ ಇದು ಒಪ್ಪುವ ಮಾತಲ್ಲ.

ಕಾದಿ ಪ್ರಕರಣ

ಸೌದಿ ಅರೇಬಿಯಾದ ಉದ್ಯಮಿ ಯಾಸಿನ್ ಅಬ್ದುಲ್ಲಾ ಕಾದಿಯ ಹೆಸರು 2001ರ ಅಕ್ಟೋಬರ್ 17ರಂದು ಪಟ್ಟಿ ಸೇರಿತು. ಯುರೋಪಿಯನ್ ಸಮುದಾಯ ತನ್ನ ನಿಯಮಾವಳಿಯ ಮೂಲಕ ಅದನ್ನು ಜಾರಿಗೊಳಿಸಿದಾಗ, ಕಾದಿ ಲಕ್ಸೆಂಬರ್ಗ್‌ನ ಸಮುದಾಯದ ನ್ಯಾಯಾಲಯಕ್ಕೆ ಹೋದರು. ಪ್ರಶ್ನೆ ಮೇಲ್ನೋಟಕ್ಕೆ ಸರಳವಾಗಿತ್ತು. ವಿಶ್ವಸಂಸ್ಥೆಯ ಸನ್ನದಿನ 25ನೇ ವಿಧಿಯಂತೆ ಮಂಡಳಿಯ ತೀರ್ಮಾನ ಎಲ್ಲ ದೇಶಗಳಿಗೂ ಕಡ್ಡಾಯ. 103ನೇ ವಿಧಿಯಂತೆ ಸನ್ನದಿನ ಬಾಧ್ಯತೆ ಬೇರೆ ಯಾವುದೇ ಒಪ್ಪಂದದ ಬಾಧ್ಯತೆಗಿಂತ ಮೇಲು. ಹೀಗಿರುವಾಗ ಒಂದು ಪ್ರಾದೇಶಿಕ ನ್ಯಾಯಾಲಯ ಆ ತೀರ್ಮಾನದ ಜಾರಿಯನ್ನು ತಡೆಯಬಹುದೇ?

2005ರ ಸೆಪ್ಟೆಂಬರ್ 21ರಂದು ಕೆಳಹಂತದ ನ್ಯಾಯಾಲಯ, ತಾನು ಸಾಮಾನ್ಯವಾಗಿ ಇದನ್ನು ಪರಿಶೀಲಿಸುವಂತಿಲ್ಲ ಎಂದಿತು. ಚಿತ್ರಹಿಂಸೆಯ ನಿಷೇಧದಂಥ, ಯಾವ ದೇಶವೂ ಮೀರಲಾಗದ ಮೂಲಭೂತ ನಿಯಮಗಳಿಗೆ ಭಂಗ ಬಂದಿದೆಯೇ ಎಂಬುದನ್ನಷ್ಟೇ ನೋಡಬಹುದು, ಇಲ್ಲಿ ಅಂಥದ್ದು ಆಗಿಲ್ಲ ಎಂದು ಅರ್ಜಿ ವಜಾ ಮಾಡಿತು. ಮೇಲ್ಮನವಿಯಲ್ಲಿ ನ್ಯಾಯಾಲಯದ ಸಲಹೆಗಾರರಾದ ಅಡ್ವೊಕೇಟ್ ಜನರಲ್ ಪೊಯಾರೆಸ್ ಮಡುರೊ ಇದಕ್ಕೆ ವ್ಯತಿರಿಕ್ತವಾದ ಅಭಿಪ್ರಾಯ ಕೊಟ್ಟರು. 2008ರ ಸೆಪ್ಟೆಂಬರ್ 3ರಂದು ಯುರೋಪಿಯನ್ ನ್ಯಾಯಾಲಯ ತೀರ್ಪನ್ನು ತಿರುವುಮುರುವು ಮಾಡಿತು. ತಾನು ಪರಿಶೀಲಿಸುತ್ತಿರುವುದು ಭದ್ರತಾ ಮಂಡಳಿಯ ನಿರ್ಣಯವನ್ನಲ್ಲ, ಅದನ್ನು ಜಾರಿಗೆ ತಂದ ಯುರೋಪಿನ ನಿಯಮವನ್ನು. ಯುರೋಪಿನ ಯಾವ ನಿಯಮವೂ ಅಲ್ಲಿನ ಮೂಲಭೂತ ಹಕ್ಕುಗಳಿಗೆ ಹೊರತಲ್ಲ ಎಂಬುದು ಅದರ ತರ್ಕ. ಅಹವಾಲು ಹೇಳಿಕೊಳ್ಳುವ ಹಕ್ಕು, ನ್ಯಾಯಾಂಗ ಪರಿಶೀಲನೆಯ ಹಕ್ಕು ಮತ್ತು ಆಸ್ತಿಯ ಹಕ್ಕಿಗೆ ಭಂಗ ಬಂದಿದೆ ಎಂದು ನಿಯಮವನ್ನು ಕಾದಿಯ ಮಟ್ಟಿಗೆ ರದ್ದು ಮಾಡಿದರೂ, ಸರಿಪಡಿಸಿಕೊಳ್ಳಲು ಮೂರು ತಿಂಗಳ ಅವಕಾಶ ಕೊಟ್ಟಿತು. ಹಣ ಕೈಬಿಟ್ಟು ಹೋಗದಂತೆ ನೋಡಿಕೊಂಡ ಈ ಎಚ್ಚರವನ್ನು ತೀರ್ಪಿನ ಟೀಕಾಕಾರರು ಹೆಚ್ಚಾಗಿ ಗಮನಿಸುವುದಿಲ್ಲ.

ಆ ಅವಧಿಯಲ್ಲಿ ಯುರೋಪಿಯನ್ ಆಯೋಗ ಮಾಡಿದ್ದಿಷ್ಟು: ಸಮಿತಿಯಿಂದ ಕಾರಣಗಳ ಕಿರು ಸಾರಾಂಶ ತರಿಸಿಕೊಂಡು ಕಾದಿಗೆ ಕಳಿಸಿತು, ಅವರ ಉತ್ತರ ಪಡೆಯಿತು, ನವೆಂಬರ್‌ನಲ್ಲಿ ಮತ್ತೆ ಹೆಸರು ಸೇರಿಸಿತು. ಸಾರಾಂಶದಲ್ಲಿ ಆರೋಪಗಳಿದ್ದವು, ಅವುಗಳ ಹಿಂದಿನ ಸಾಕ್ಷ್ಯ ಇರಲಿಲ್ಲ. ಸಾಕ್ಷ್ಯ ಆಯೋಗದ ಬಳಿಯೂ ಇರಲಿಲ್ಲ! 2010ರಲ್ಲಿ ನ್ಯಾಯಾಲಯ ಇದನ್ನೂ ರದ್ದು ಮಾಡಿತು. 2013ರ ಜುಲೈ 18ರ ಅಂತಿಮ ತೀರ್ಪು, ಪಟ್ಟಿಗೆ ಸೇರಿಸಲು ಕೊಟ್ಟ ಕಾರಣಗಳಲ್ಲಿ ಒಂದಾದರೂ ಗಟ್ಟಿ ವಾಸ್ತವಾಂಶದ ಮೇಲೆ ನಿಂತಿರಬೇಕು ಎಂಬ ಮಾನದಂಡ ಹಾಕಿಕೊಟ್ಟಿತು. ಕಾದಿ ನಿರಾಕರಿಸಿದ್ದ ಯಾವ ಆರೋಪಕ್ಕೂ ಅಂಥ ಆಧಾರ ಹಾಜರಾಗಿರಲಿಲ್ಲ. ಅಷ್ಟರಲ್ಲಿ, 2012ರ ಅಕ್ಟೋಬರ್ 5ರಂದು, ವಿಶ್ವಸಂಸ್ಥೆಯ ಸಮಿತಿಯೇ ಅವರ ಹೆಸರನ್ನು ಕೈಬಿಟ್ಟಿತ್ತು. ಅಮೆರಿಕದ ಪಟ್ಟಿಯಿಂದ ಹೆಸರು ಹೋದದ್ದು 2014ರಲ್ಲಿ.

ಇತರ ಪ್ರಕರಣಗಳು

ಇದೇ ಪಟ್ಟಿಯಲ್ಲಿದ್ದ, ಈಜಿಪ್ಟ್ ಮೂಲದ ಯೂಸುಫ್ ನಾದಾ ವಾಸಿಸುತ್ತಿದ್ದುದು ಕಂಪಿಯೋನೆ ದ ಇಟಾಲಿಯಾದಲ್ಲಿ. ಸುಮಾರು 1.6 ಚದರ ಕಿಲೋಮೀಟರಿನ ಈ ಊರು ಇಟಲಿಗೆ ಸೇರಿದ್ದು, ಆದರೆ ಸುತ್ತಲೂ ಸ್ವಿಟ್ಜರ್ಲೆಂಡ್. ಇಟಲಿಯ ಉಳಿದ ಭಾಗಕ್ಕೆ ಹೋಗಬೇಕಾದರೂ ಸ್ವಿಸ್ ಗಡಿಯನ್ನೇ ದಾಟಬೇಕು. ಪ್ರಯಾಣ ನಿಷೇಧದಿಂದಾಗಿ, ಎಪ್ಪತ್ತು ದಾಟಿದ್ದ ನಾದಾ ವೈದ್ಯರನ್ನು ಕಾಣಲೂ ಬಂಧುಗಳ ಮನೆಗೆ ಹೋಗಲೂ ಅನುಮತಿ ಕೇಳಬೇಕಾಯಿತು. ಸ್ವಿಸ್ ತನಿಖೆ 2005ರಲ್ಲಿಯೇ ಆರೋಪಕ್ಕೆ ಆಧಾರವಿಲ್ಲವೆಂದು ಮುಗಿದಿತ್ತು. ಹೆಸರು ಪಟ್ಟಿಯಿಂದ ಹೋದದ್ದು 2009ರ ಸೆಪ್ಟೆಂಬರ್‌ನಲ್ಲಿ. ತನಿಖೆಯ ಫಲಿತಾಂಶವನ್ನು ಸಮಿತಿಗೆ ತಿಳಿಸಲು ಸ್ವಿಟ್ಜರ್ಲೆಂಡ್ ಅಷ್ಟು ಕಾಲ ತೆಗೆದುಕೊಂಡದ್ದನ್ನು ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯ 2012ರ ತೀರ್ಪಿನಲ್ಲಿ ಎತ್ತಿ ಹೇಳಿತು. ಖಾಸಗಿ ಮತ್ತು ಕೌಟುಂಬಿಕ ಬದುಕಿನ ಹಕ್ಕಿಗೂ ಪರಿಹಾರ ಪಡೆಯುವ ಹಕ್ಕಿಗೂ ಭಂಗ ಬಂದಿದೆ ಎಂಬುದು ಅದರ ನಿರ್ಣಯ.

ಬ್ರಿಟನ್ನಿನಲ್ಲಿ ವಿಷಯ ಅಡುಗೆಮನೆಗೇ ಬಂತು. ಪಟ್ಟಿಯಲ್ಲಿದ್ದವರ ಹೆಂಡತಿಯರಿಗೆ ಸಿಗುವ ಸರ್ಕಾರಿ ಭತ್ಯೆಯಿಂದ ಗಂಡನೂ ಉಣ್ಣುತ್ತಾನಲ್ಲ ಎಂದು ಅಲ್ಲಿನ ಹಣಕಾಸು ಇಲಾಖೆ ಕಟ್ಟುಪಾಡು ಹಾಕಿತ್ತು: ನಗದು ತೆಗೆಯಲು ಮಿತಿ, ತಿಂಗಳು ತಿಂಗಳು ರಸೀದಿ ಸಮೇತ ಖರ್ಚಿನ ಲೆಕ್ಕ. ಬೇಯಿಸಿದ ಅನ್ನದಿಂದ ಭಯೋತ್ಪಾದನೆಗೆ ಹಣ ಹೊಂದಿಸಲಾಗದು ಎಂಬ ಅರ್ಥದಲ್ಲಿ 2010ರ ಏಪ್ರಿಲ್‌ನಲ್ಲಿ ಯುರೋಪಿಯನ್ ನ್ಯಾಯಾಲಯ ಇದಕ್ಕೆ ತೆರೆ ಎಳೆಯಿತು. ಅದೇ ವರ್ಷದ ಜನವರಿಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್, 1946ರ ವಿಶ್ವಸಂಸ್ಥೆ ಕಾಯ್ದೆಯ ಸಾಮಾನ್ಯ ಮಾತುಗಳನ್ನು ಹಿಡಿದು ಸರ್ಕಾರ ಬರೀ ಆದೇಶದ ಮೂಲಕ ಮೂಲಭೂತ ಹಕ್ಕು ಕಸಿಯುವಂತಿಲ್ಲ, ಅದಕ್ಕೆ ಸಂಸತ್ತಿನ ಸ್ಪಷ್ಟ ಒಪ್ಪಿಗೆ ಬೇಕು ಎಂದಿತ್ತು.

ಒಂಬುಡ್ಸ್‌ಪರ್ಸನ್

ಕಾದಿ ಪ್ರಕರಣದ 2008ರ ತೀರ್ಪಿನ ಮರುವರ್ಷ, 2009ರ ಡಿಸೆಂಬರ್‌ನಲ್ಲಿ, 1904ನೇ ನಿರ್ಣಯದ ಮೂಲಕ ಸ್ವತಂತ್ರ ಒಂಬುಡ್ಸ್‌ಪರ್ಸನ್ ಹುದ್ದೆ ಸೃಷ್ಟಿಯಾಯಿತು. ಮಂಡಳಿ ಕಾರಣವನ್ನು ಎಲ್ಲಿಯೂ ಒಪ್ಪಿಕೊಂಡಿಲ್ಲವಾದರೂ, ಎರಡು ಘಟನೆಗಳ ಕೊಂಡಿಯನ್ನು ಅಲ್ಲಗಳೆಯುವುದು ಕಷ್ಟ. ಕೆನಡಾದ ಕಿಂಬರ್ಲಿ ಪ್ರೋಸ್ಟ್ 2010ರಲ್ಲಿ ಮೊದಲಿಗರಾಗಿ ನೇಮಕವಾದರು. ಅರ್ಜಿದಾರರನ್ನು ಭೇಟಿ ಮಾಡುವುದು, ದೇಶಗಳಿಂದ ಮಾಹಿತಿ ಕೇಳುವುದು, ಸಮಿತಿಗೆ ವರದಿ ಕೊಡುವುದು ಅವರ ಕೆಲಸ. 2011ರ 1989ನೇ ನಿರ್ಣಯ ಈ ಹುದ್ದೆಗೆ ಹಲ್ಲು ಕೊಟ್ಟಿತು. ಹೆಸರು ತೆಗೆಯಬೇಕೆಂದು ಒಂಬುಡ್ಸ್‌ಪರ್ಸನ್ ಶಿಫಾರಸು ಮಾಡಿದರೆ, ಉಳಿಸಿಕೊಳ್ಳಬೇಕೆಂದು ಸಮಿತಿ ಸರ್ವಾನುಮತದಿಂದ ತೀರ್ಮಾನಿಸದ ಹೊರತು ಅಥವಾ ವಿಷಯ ಮಂಡಳಿಗೇ ಹೋಗದ ಹೊರತು, 60 ದಿನಗಳಲ್ಲಿ ಹೆಸರು ತಾನಾಗಿ ಹೋಗುತ್ತದೆ. ಸೇರಿಸಲು ಬೇಕಾಗಿದ್ದ ಸರ್ವಾನುಮತ ಈಗ ಉಳಿಸಲೂ ಬೇಕಾಯಿತು.

ಇದು ನ್ಯಾಯಾಲಯವಲ್ಲ. ಗುಪ್ತ ಮಾಹಿತಿ ಕೊಡಲೇಬೇಕೆಂದು ಯಾವ ದೇಶವನ್ನೂ ಒತ್ತಾಯಿಸುವಂತಿಲ್ಲ. ಭಯೋತ್ಪಾದನೆ ನಿಗ್ರಹ ಮತ್ತು ಮಾನವ ಹಕ್ಕುಗಳ ಬಗೆಗಿನ ವಿಶ್ವಸಂಸ್ಥೆಯ ಮೊದಲ ವಿಶೇಷ ವರದಿಗಾರ ಮಾರ್ಟಿನ್ ಶೈನಿನ್, ಸುಧಾರಣೆಯ ಬಳಿಕವೂ ಈ ವ್ಯವಸ್ಥೆ ಮಂಡಳಿಯ ಅಧಿಕಾರವ್ಯಾಪ್ತಿಯನ್ನು ಮೀರಿದೆ ಎಂದು 2010ರಲ್ಲಿ ಅಭಿಪ್ರಾಯಪಟ್ಟರು. ಪ್ರೋಸ್ಟ್ ಮುಂದೆ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದ ನ್ಯಾಯಾಧೀಶೆಯಾದರು. 2025ರ ಆಗಸ್ಟ್‌ನಲ್ಲಿ ಆ ನ್ಯಾಯಾಲಯದ ಕೆಲಸದ ಕಾರಣಕ್ಕೆ ಅಮೆರಿಕ ಅವರನ್ನೇ ತನ್ನ ನಿರ್ಬಂಧ ಪಟ್ಟಿಗೆ ಸೇರಿಸಿತು. ಅದು ಭಯೋತ್ಪಾದನೆಗೆ ಸಂಬಂಧಪಟ್ಟ ಪಟ್ಟಿಯಲ್ಲವಾದರೂ ಇಲ್ಲಿ ದಾಖಲಿಸತಕ್ಕ ಸಂಗತಿ.

ಭಾರತ

ಭಾರತದ ಅನುಭವ ಯುರೋಪಿನದಕ್ಕೆ ತದ್ವಿರುದ್ಧ. ಹೆಸರು ಹೊರಬರುತ್ತಿಲ್ಲ ಎಂಬುದು ಅಲ್ಲಿನ ದೂರು, ಒಳಹೋಗುತ್ತಿಲ್ಲ ಎಂಬುದು ಇಲ್ಲಿನದು. ಉಗ್ರ ಸಂಘಟನೆ ಜೈಷ್ ಎ ಮೊಹಮ್ಮದ್‌ನ ಮಸೂದ್ ಅಜರ್‌ನನ್ನು ಪಟ್ಟಿಗೆ ಸೇರಿಸುವ ಯತ್ನ 2009ರಿಂದ ನಡೆದು, ಚೀನಾ ತಡೆ ತೆರವುಗೊಳಿಸಿದ ಮೇಲೆ, 2019ರ ಮೇ 1ರಂದು ಕೈಗೂಡಿತು. ಎರಡೂ ದೂರುಗಳ ಮೂಲ ಒಂದೇ: ಕಾರಣ ಹೇಳದೆ ಒಂದೇ ದೇಶ ಕಡತವನ್ನು ಹಿಡಿದಿಡಬಲ್ಲ ಸರ್ವಾನುಮತದ ನಿಯಮ.

ದೇಶದೊಳಗೆ 1947ರ ವಿಶ್ವಸಂಸ್ಥೆ (ಭದ್ರತಾ ಮಂಡಳಿ) ಕಾಯ್ದೆಯಡಿಯ 2007ರ ಆದೇಶ ಮತ್ತು ಕಾನೂನುಬಾಹಿರ ಚಟುವಟಿಕೆಗಳ (ತಡೆ) ಕಾಯ್ದೆಯ (ಯುಎಪಿಎ) 51ಎ ಕಲಂ ಮೂಲಕ ಪಟ್ಟಿ ಜಾರಿಯಾಗುತ್ತದೆ. ಗ್ರಾಹಕರ ಹೆಸರು ಈ ಪಟ್ಟಿಯಲ್ಲಿದೆಯೇ ಎಂದು ಪ್ರತಿ ಬ್ಯಾಂಕೂ ಕೆವೈಸಿ ನಿಯಮದಂತೆ ಪರಿಶೀಲಿಸಬೇಕು. ಇದಲ್ಲದೆ, ಯುಎಪಿಎಗೆ 2019ರಲ್ಲಿ ತಂದ ತಿದ್ದುಪಡಿಯಿಂದ ಕೇಂದ್ರ ಸರ್ಕಾರವೇ ವ್ಯಕ್ತಿಯನ್ನು ಭಯೋತ್ಪಾದಕನೆಂದು ಅಧಿಸೂಚಿಸಬಹುದು. ಅದಕ್ಕೆ ನ್ಯಾಯಾಲಯದ ತೀರ್ಪು ಬೇಕಿಲ್ಲ. ಹೆಸರು ತೆಗೆಸಲು ಮೊದಲು ಸರ್ಕಾರಕ್ಕೇ ಅರ್ಜಿ, ಅದು ತಿರಸ್ಕೃತವಾದರೆ ಹೈಕೋರ್ಟಿನ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿ ಅಧ್ಯಕ್ಷತೆಯ ಪರಿಶೀಲನಾ ಸಮಿತಿ.

ವ್ಯಾಪ್ತಿ

ಒಂಬುಡ್ಸ್‌ಪರ್ಸನ್ ವ್ಯವಸ್ಥೆ 1267 ಪಟ್ಟಿಗೆ ಮಾತ್ರ ಸೀಮಿತ. 2011ರಲ್ಲಿ ಪ್ರತ್ಯೇಕವಾದ ತಾಲಿಬಾನ್ ಪಟ್ಟಿಗೂ ಮಂಡಳಿಯ ಇತರ ನಿರ್ಬಂಧ ಪಟ್ಟಿಗಳಿಗೂ ಅದು ಅನ್ವಯಿಸುವುದಿಲ್ಲ. ಆ ಪಟ್ಟಿಗಳಲ್ಲಿರುವವರಿಗೆ 2006ರಲ್ಲಿ ಆರಂಭವಾದ ಅರ್ಜಿ ರವಾನೆಯ ಕಚೇರಿಯೇ ಗತಿ. 2024ರ ಜುಲೈನ 2744ನೇ ನಿರ್ಣಯ ಆ ಕಚೇರಿಯನ್ನು ಕೊಂಚ ಬಲಪಡಿಸಿದೆ.